ಮುಂದೆ ಓಡುವವನು

“ಮೇಷ್ಟ್ರೇ, ಬಿದ್ದರೆ ಮುರಿಯೋದು ನನ್ನ ಕಾಲು ತಾನೆ? ಅದಕ್ಕೆ ನೀವ್ಯಾಕೆ ಅಡ್ಡ ಬರ್ತೀರಿ?”

ಹೀಗೆ ಕೇಳಿದವನು ದಾದಾಪೀರ್. ಕೇಳಿಸಿಕೊಂಡವರು ಹಾಲಪ್ಪ ಮೇಷ್ಟ್ರು. ಹೈಸ್ಕೂಲಿನಲ್ಲಿ ಮಕ್ಕಳಿಗೆ ಕಸರತ್ತು ಕಲಿಸಿ ನಿವೃತ್ತರಾದ ಮೇಲೆ ಮೇಷ್ಟ್ರಿಗೆ ಸುಮ್ಮನೆ ಕೂರುವುದು ಆಗಲಿಲ್ಲ. ಮುಚ್ಚಿಹೋದ ಹತ್ತಿ ಗಿರಣಿಯ ಅಂಗಳದಲ್ಲಿ ಊರಿನ ಹುಡುಗ ಹುಡುಗಿಯರಿಗೆ ಪಾರ್ಕೂರ್ ಕಲಿಸುತ್ತಿದ್ದರು. ಗೋಡೆ, ಕಟ್ಟೆ, ಕಂಬಿ, ಏನೇ ಎದುರಾದರೂ ಹಾರಿಯೋ ಹತ್ತಿಯೋ ಓಡುತ್ತಲೇ ದಾಟಿಹೋಗುವ ವಿದ್ಯೆಗೆ ಆ ಹೆಸರು. ಹೆಸರು ಹೇಳಿಕೊಟ್ಟವರು ಹುಡುಗರು, ಉಳಿದದ್ದು ನನಗೆ ಗೊತ್ತಿತ್ತು ಎಂದು ಮೇಷ್ಟ್ರು ನಗುತ್ತಿದ್ದರು.

ಅವರ ಪಾಠ ನೆಲದಿಂದ ಶುರುವಾಗುತ್ತಿತ್ತು ಮತ್ತು ಬಹಳ ದಿನ ನೆಲದಲ್ಲೇ ಇರುತ್ತಿತ್ತು. ಮೊದಲು ಬೀಳುವುದು, ಭುಜದ ಮೇಲೆ ಉರುಳಿ ಏಳುವುದು. ಆಮೇಲೆ ನೆಲದ ಮೇಲೆ ಗೀಟು ಹಾಕಿ ಗೀಟಿನಿಂದ ಗೀಟಿಗೆ ಹಾರುವುದು. ಆಮೇಲೆ ಇಟ್ಟಿಗೆಯಿಂದ ಇಟ್ಟಿಗೆಗೆ. ದಾದಾಪೀರನಿಗೆ ಇದೆಲ್ಲ ಬೇಗ ಬಂತು. ಬೇಗ ಬಂದದ್ದರಿಂದ ಬೇಸರವೂ ಬೇಗ ಬಂತು. ಆ ದಿನ ಬೆಳಗ್ಗೆ ಮೇಷ್ಟ್ರು ಬರುವ ಮೊದಲೇ ಅವನು ಗೋದಾಮಿನ ಮಾಳಿಗೆ ಹತ್ತಿ ಎದುರಿನ ಗೋಡೆಗೆ ಹಾರಿದ. ಚೆನ್ನಾಗಿಯೇ ಹಾರಿದ. ಮೇಷ್ಟ್ರು ಗೇಟಿನಲ್ಲಿ ಸೈಕಲ್ಲಿನಿಂದ ಇಳಿಯುವಾಗ ಅವನು ಗೋಡೆಯ ಮೇಲೆ ನಿಂತು ನಗುತ್ತಿದ್ದ. ಅವನ ಗೆಳೆಯ ಕೊಟ್ರೇಶಿ ಮಾಳಿಗೆಯ ಅಂಚಿನಲ್ಲಿ ಮೊಣಕಾಲು ಮಡಿಸಿ ಹಾರಲು ಸಿದ್ಧನಾಗಿದ್ದ. ಮೇಷ್ಟ್ರು ಗಂಟಲು ಹರಿಯುವಂತೆ ಕೂಗಿ ಕೊಟ್ರೇಶಿಯನ್ನು ಮೆಟ್ಟಿಲಿನಿಂದ ಇಳಿಸಿದರು. ಆಮೇಲೆ ದಾದಾಪೀರನನ್ನು ಕರೆದು, ನಾನು ಹೇಳುವ ತನಕ ನಿನಗೆ ಗೋಡೆ ಇಲ್ಲ, ನೆಲವೇ ಗತಿ ಎಂದರು. ಅವನ ಪ್ರಶ್ನೆ ಬಂದದ್ದು ಆಗ.

ಮೇಷ್ಟ್ರು ಸಿಟ್ಟಾಗಲಿಲ್ಲ. ಒಳ್ಳೆಯ ಪ್ರಶ್ನೆ, ಕೂತುಕೋ ಎಂದರು. ಉರುಳುತ್ತಿದ್ದವರೆಲ್ಲ ಮೈ ಕೊಡವಿಕೊಂಡು ಬಂದು ಸುತ್ತ ಕೂತರು. ಮೇಷ್ಟ್ರು ಹೇಳತೊಡಗಿದರು.

ಬೆಟ್ಟದ ಬುಡದಲ್ಲಿ ಒಂದು ಊರು. ಬೆಟ್ಟದ ತುಂಬ ಬಂಡೆ, ನೆತ್ತಿಯ ಮೇಲೆ ಒಂದು ಕೆರೆ. ಮಳೆಗಾಲದಲ್ಲಿ ಕೆರೆ ಕೋಡಿ ಬಿದ್ದರೆ ನೀರು ಕೊರಕಲಿನಲ್ಲಿ ಇಳಿದು ಊರಿನ ಕಾಲುವೆಗೆ ಬರುತ್ತಿತ್ತು. ಕಾಲುವೆಗೆ ಒಂದು ಮರದ ಬಾಗಿಲು. ಬಾಗಿಲು ತೆರೆದಿದ್ದರೆ ನೀರು ಹೊಲಗಳ ಕಡೆ ಹೋಗುತ್ತಿತ್ತು. ಮುಚ್ಚಿದ್ದರೆ ಕೆಳಗಿನ ಕೇರಿಗೆ ನುಗ್ಗುತ್ತಿತ್ತು. ಯಾವಾಗಲೂ ತೆರೆದೇ ಇಡೋಣವೆಂದರೆ ಊರಿಗೆ ಕುಡಿಯಲು ನೀರು ನಿಲ್ಲುತ್ತಿರಲಿಲ್ಲ. ಆದ್ದರಿಂದ ಕೋಡಿ ಬೀಳುವ ಮೊದಲೇ ಮೇಲಿನಿಂದ ಸುದ್ದಿ ಬರಬೇಕಾಗಿತ್ತು. ಗಾಡಿಯ ದಾರಿ ಬೆಟ್ಟವನ್ನು ಸುತ್ತಿ ಬರುತ್ತಿತ್ತು. ಆ ದಾರಿ ಹಿಡಿದರೆ ಸುದ್ದಿ ಬರುವಷ್ಟರಲ್ಲಿ ನೀರೇ ಬಂದು ಸುದ್ದಿ ಹೇಳುತ್ತಿತ್ತು.

ಅದಕ್ಕಾಗಿ ಆ ಊರಿನಲ್ಲಿ ಬಂಡೆ ಓಟಗಾರರು ಎಂಬವರಿದ್ದರು. ಅವರು ಕೆರೆಯಿಂದ ಕಾಲುವೆಯ ಬಾಗಿಲಿಗೆ ನೇರವಾಗಿ, ಬಂಡೆಯಿಂದ ಬಂಡೆಗೆ ಹಾರುತ್ತ ಇಳಿದು ಬರುತ್ತಿದ್ದರು. ಯಾವಾಗಲೂ ಇಬ್ಬರು ಓಡಬೇಕು. ಒಬ್ಬನ ಕಾಲು ಉಳುಕಿದರೆ ಇನ್ನೊಬ್ಬ ಸುದ್ದಿ ಮುಟ್ಟಿಸಬೇಕಲ್ಲ, ಅದಕ್ಕೆ. ಮುಂದಿನವನು ದಾರಿ ಆರಿಸಬೇಕು. ಹಿಂದಿನವನು ಮುಂದಿನವನ ಹಿಮ್ಮಡಿಯ ಮೇಲೆ ಕಣ್ಣಿಟ್ಟು, ಅವನು ಹೆಜ್ಜೆ ತೆಗೆದ ಕಡೆಯೇ ತನ್ನ ಹೆಜ್ಜೆ ಇಡಬೇಕು. ಅತ್ತಿತ್ತ ನೋಡಬಾರದು, ತನ್ನದೊಂದು ಯೋಚನೆ ಮಾಡಬಾರದು. ಮಳೆಯಲ್ಲಿ ಯಾವ ಕಲ್ಲು ಜಾರುತ್ತದೆ, ಯಾವ ಕಲ್ಲು ಅಲುಗುತ್ತದೆ ಎಂದು ಮುಂದಿನವನ ಕಾಲು ಆಗಲೇ ನೋಡಿರುತ್ತದೆ. ಹಿಂದಿನವನೂ ನೋಡುತ್ತ ನಿಂತರೆ ಓಟ ಮುಗಿಯುವುದಿಲ್ಲ. ಅವರ ಅಜ್ಜಂದಿರ ಕಾಲದಲ್ಲಿ ಹಿಂದೆ ಓಡುವವರು ಸ್ವಂತ ಬುದ್ಧಿ ಬಳಸಲು ಹೋಗಿ ಎಷ್ಟೋ ಜನ ಕೆಟ್ಟಿದ್ದರು. ಹಾಗಾಗಿ ಈ ಪದ್ಧತಿಯನ್ನು ಯಾರೂ ಮೀರುತ್ತಿರಲಿಲ್ಲ.

ಓಟಗಾರರಿಗೆ ವಿದ್ಯೆ ಕಲಿಸುವವಳು ಒಬ್ಬ ಮುದುಕಿ. ಅವಳ ಕಲಿಸುವ ರೀತಿ ಹೊಸಬರಿಗೆ ವಿಚಿತ್ರವಾಗಿ ಕಾಣುತ್ತಿತ್ತು. ಬಂಡೆಯ ಊರಿನಲ್ಲಿ ಬಂಡೆಯನ್ನು ಮುಟ್ಟಲು ಬಿಡುತ್ತಿರಲಿಲ್ಲ. ಮೊದಲು ಉತ್ತ ಹೊಲದಲ್ಲಿ ಬೀಳಿಸುತ್ತಿದ್ದಳು. ತಲೆ ಒಳಗೆ, ಗಲ್ಲ ಎದೆಗೆ, ಕೈ ಚಾಚಿ ನೆಲ ತಡೆಯಬಾರದು, ಭುಜ ಮೊದಲು ತಗಲಬೇಕು, ಬೆನ್ನಿನ ಮೇಲೆ ಓರೆಯಾಗಿ ಉರುಳಿ ಇನ್ನೊಂದು ಕಡೆಯ ಸೊಂಟದ ಮೇಲೆ ಏಳಬೇಕು. ಹೊಲದಲ್ಲಿ ಬಂದರೆ ಹುಲ್ಲಿನಲ್ಲಿ, ಹುಲ್ಲಿನಲ್ಲಿ ಬಂದರೆ ಗಟ್ಟಿ ನೆಲದಲ್ಲಿ. ಬಲಕ್ಕೆ ಉರುಳಲು ಬಂದವನನ್ನು ಎಡಕ್ಕೆ ಉರುಳು ಎನ್ನುತ್ತಿದ್ದಳು. ಕಲ್ಲು ನಿನ್ನನ್ನು ಯಾವ ಕಡೆ ಬೀಳಿಸಲಿ ಅಂತ ಕೇಳುವುದಿಲ್ಲ ಎನ್ನುತ್ತಿದ್ದಳು.

ಆಮೇಲೆ ಮೊಣಕಾಲೆತ್ತರದ ಕಲ್ಲು. ಅದರಿಂದ ನೆಲಕ್ಕೆ ಹಾರಬೇಕು. ಮುದುಕಿ ಕಲಿಯುವವರಿಗೆ ಬೆನ್ನು ಹಾಕಿ ಕೂರುತ್ತಿದ್ದಳು. ಅವಳು ನೋಡುತ್ತಿರಲಿಲ್ಲ, ಕೇಳುತ್ತಿದ್ದಳು. ಮುಂಗಾಲು ಮೊದಲು ಊರಿ, ಮೊಣಕಾಲು ಸಡಿಲ ಬಿಟ್ಟು ಇಳಿದರೆ ಸದ್ದು ಬರುವುದಿಲ್ಲ. ಹಿಮ್ಮಡಿ ಬಡಿದರೆ ಸದ್ದು ಬರುತ್ತದೆ. ಆ ಸದ್ದನ್ನು ಇವತ್ತು ಕಿವಿ ಕೇಳುತ್ತದೆ, ಹತ್ತು ವರ್ಷದ ಮೇಲೆ ಮೊಣಕಾಲು ಕೇಳುತ್ತದೆ ಎನ್ನುತ್ತಿದ್ದಳು. ಸದ್ದು ಬಂದವನು ಮತ್ತೆ ಹೊಲಕ್ಕೆ ಹೋಗಬೇಕಾಗಿತ್ತು.

ಯಾವ ಬಂಡೆಯನ್ನಾದರೂ ಹತ್ತುವ ಮೊದಲು ಅದರಿಂದ ಇಳಿಯುವ ದಾರಿ ತೋರಿಸಬೇಕಿತ್ತು. ಯಾವ ಸಂದನ್ನಾದರೂ ಹಾರುವ ಮೊದಲು ಅದರೊಳಕ್ಕೆ ಇಳಿದು ಬರಬೇಕಿತ್ತು. ಕಾಲೂರುವ ಕಲ್ಲನ್ನು ಕೈಯಿಂದ ಮುಟ್ಟಿ ಪಾಚಿ ಕೆರೆದು, ಹರಳು ಗುಡಿಸಿ ಬರಬೇಕಿತ್ತು. ಸಂದಿನ ಅಗಲವನ್ನು ಹಗ್ಗದಲ್ಲಿ ಅಳೆದು ತಂದು ನೆಲದ ಮೇಲೆ ಹಾಸಿ, ಅದನ್ನು ನೆಲದಲ್ಲೇ ಹಾರಬೇಕಿತ್ತು. ಬೆಳಗಿನ ಹುರುಪಿನಲ್ಲಿ ಹಾರಿದ್ದಕ್ಕೆ ಅವಳ ಹತ್ತಿರ ಬೆಲೆ ಇರಲಿಲ್ಲ. ದಿನವಿಡೀ ದುಡಿದು, ಸಂಜೆ ಕಾಲು ಸೋತಾಗ, ಅಂಗಾಲು ಒದ್ದೆ ಮಾಡಿಕೊಂಡು ಹಾರಿದರೆ ಮಾತ್ರ ಲೆಕ್ಕ.

ಹೆದರಿದವರನ್ನು ಅವಳು ಬೈಯುತ್ತಿರಲಿಲ್ಲ. ಹೆದರಿಕೆ ಎಲ್ಲಿ ಶುರುವಾಯಿತು, ಮೊಣಕಾಲಿನಲ್ಲೋ ಹೊಟ್ಟೆಯಲ್ಲೋ ಎಂದು ಕೇಳುತ್ತಿದ್ದಳು. ಮೊಣಕಾಲಿನಲ್ಲಿ ಎಂದರೆ ಇನ್ನೂ ಕಲಿಯುವುದಿದೆ ಎಂದು ಕೆಳಗಿಳಿಸುತ್ತಿದ್ದಳು. ಹೊಟ್ಟೆಯಲ್ಲಿ ಎಂದರೆ ಊಟ ಮಾಡಿದೆಯಾ ಎನ್ನುತ್ತಿದ್ದಳು.

ಒಂದು ವರ್ಷ ಅವಳ ಹತ್ತಿರ ಕಲಿಯಲು ಬಂದವರಲ್ಲಿ ಒಬ್ಬ ಕುರಿಗಾಹಿ, ಒಬ್ಬ ನೇಕಾರ. ಕುರಿಗಾಹಿ ಚಿಕ್ಕಂದಿನಿಂದ ಆಡು ಕುರಿಗಳ ಹಿಂದೆ ಬಂಡೆ ಹಾರಿಕೊಂಡೇ ಬೆಳೆದವನು. ಕಾಲು ಉದ್ದ, ಮೈ ಹಗುರ. ನೇಕಾರ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ಬೆಳೆದವನು. ಕುಳ್ಳ, ಮೈ ಭಾರ. ಅವನ ಮನೆ ಇದ್ದದ್ದು ಕೆಳಗಿನ ಕೇರಿಯಲ್ಲಿ, ಕಾಲುವೆಯ ಪಕ್ಕದಲ್ಲೇ. ಒಂದು ಮಳೆಗಾಲದಲ್ಲಿ ಸುದ್ದಿ ತಡವಾಗಿ ನೀರು ಅವನ ಮಗ್ಗದ ಗುಂಡಿ ತುಂಬಿ, ಆರು ತಿಂಗಳ ನೂಲು ಕೊಚ್ಚಿಹೋಗಿ, ಕೂಸಿನ ತೊಟ್ಟಿಲು ತೇಲಿ ಬಾಗಿಲಿಗೆ ಬಡಿದು ನಿಂತಿತ್ತು. ಕೂಸು ಉಳಿಯಿತು. ಮತ್ತೆ ಹಾಗಾಗಬಾರದೆಂದು ಅವನು ಓಟ ಕಲಿಯಲು ಬಂದ.

ಕುರಿಗಾಹಿಗೆ ಹೊಲದಲ್ಲಿ ಉರುಳುವುದು ನಗೆಪಾಟಲು. ಬೀಳುವವರು ಬೀಳುವುದನ್ನು ಕಲಿಯಲಿ, ನನಗೇಕೆ ಎನ್ನುತ್ತಿದ್ದ. ಆದರೂ ಉರುಳಿದ. ಉರುಳಿದ್ದೂ ಎಲ್ಲರಿಗಿಂತ ಚೆನ್ನಾಗಿತ್ತು. ಕಲ್ಲಿನಿಂದ ಹಾರಿದರೆ ಮುದುಕಿಗೆ ಏನೂ ಕೇಳಿಸುತ್ತಿರಲಿಲ್ಲ. ಹಾರಿದನೋ ಇಲ್ಲವೋ ಎಂದು ತಿರುಗಿ ನೋಡಬೇಕಾಗುತ್ತಿತ್ತು. ನೇಕಾರ ಇಳಿದರೆ ಅಕ್ಕಿ ಮೂಟೆ ಇಳಿಸಿದ ಸದ್ದು. ಜೊತೆಯವರೆಲ್ಲ ಬಂಡೆ ಹತ್ತಿದರೂ ಅವನು ಹೊಲದಲ್ಲೇ ಉಳಿದ. ಹಾದಿಯಲ್ಲಿ ಹೋಗುವವರು ಹೊಲ ಉತ್ತಾಯಿತೇನಪ್ಪಾ ಎಂದು ಕೇಳುತ್ತಿದ್ದರು. ಅವನು ನಗುತ್ತಿದ್ದ, ಮನೆಗೆ ಹೋಗಿ ಅಳುತ್ತಿದ್ದ.

ಅವನನ್ನು ಕೈಬಿಡದವನು ಕುರಿಗಾಹಿ ಒಬ್ಬನೇ. ದಿನವೂ ಸಂಜೆ ಹಟ್ಟಿಯ ಕೆಲಸ ಮುಗಿಸಿ ಬಂದು, ಗೆಳೆಯನನ್ನು ಹಾರಿಸಿ, ಬಿದ್ದರೆ ಎಬ್ಬಿಸಿ, ಮೊಣಕಾಲು ಎಲ್ಲಿ ಬಿಗಿಯಾಯಿತೆಂದು ತೋರಿಸುತ್ತಿದ್ದ. ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು. ಕೊನೆಗೆ ಒಂದು ದಿನ ನೇಕಾರ ಹಾರಿದಾಗ ಮುದುಕಿ ಕತ್ತು ತಿರುಗಿಸಿ ನೋಡಿದಳು. ಆ ದಿನ ನೇಕಾರನಿಗಿಂತ ಕುರಿಗಾಹಿ ಹೆಚ್ಚು ಕುಣಿದ.

ಇಲ್ಲಿಗೆ ದಾದಾಪೀರ್ ತಡೆದ. ಗೊತ್ತಾಯಿತು ಮೇಷ್ಟ್ರೇ, ಆ ಕುರಿಗಾಹಿ ಬೀಳುತ್ತಾನೆ, ನೇಕಾರ ಗೆಲ್ಲುತ್ತಾನೆ, ಇಂಥ ಕತೆಯೆಲ್ಲ ಹಾಗೇ ಎಂದ. ಸುತ್ತ ಕೂತವರು ನಕ್ಕರು. ಮೇಷ್ಟ್ರೂ ನಕ್ಕು, ಕತೆ ನಿನಗೆ ಬಂದರೆ ನೀನೇ ಹೇಳು, ನನಗೂ ಬಾಯಿ ನೋವು ತಪ್ಪುತ್ತದೆ ಎಂದರು. ಆಮೇಲೆ ಮುಂದುವರಿಸಿದರು.

ಆ ಊರಿನಲ್ಲಿ ಎಲ್ಲಕ್ಕೂ ಕೊನೆಯ ಪಾಠವೆಂದರೆ ಮುಂದೆ ಓಡುವ ಪಾಠ. ಅದಕ್ಕೆ ಮುದುಕಿಯ ಹತ್ತಿರ ಒಂದು ಕ್ರಮವಿತ್ತು. ಹಿಂದೆ ಓಡುವವನನ್ನು ಒಂದು ದಿನ ಮುಂಜಾನೆಯಿಂದ ಸಂಜೆಯ ತನಕ ಮತ್ತೆ ಮತ್ತೆ ಹಾರಿಸುತ್ತಿದ್ದಳು. ಅಂದಿನ ನೆಗೆತಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಯಾವುದೋ ಅಷ್ಟುದ್ದಕ್ಕೆ ಒಂದು ಕೋಲು ಕಡಿದು ಮುಂದಿನವನ ಬೆನ್ನಿಗೆ ಕಟ್ಟುತ್ತಿದ್ದಳು. ಮುಂದಿನವನು ಯಾವ ಸಂದಿಗೆ ಬಂದರೂ ಆ ಕೋಲನ್ನು ಅಡ್ಡ ಹಿಡಿದು ನೋಡಬೇಕು. ಕೋಲು ಆಚೆ ಮುಟ್ಟಿದರೆ ಹಾರಬೇಕು, ಮುಟ್ಟದಿದ್ದರೆ ಬಳಸಿಕೊಂಡು ಹೋಗಬೇಕು. ತಾನು ಎಷ್ಟು ಹಾರಬಲ್ಲೆ ಎಂಬುದು ಅಲ್ಲಿ ಲೆಕ್ಕಕ್ಕೇ ಇಲ್ಲ. ಕೆಲವು ಮಳೆಗಾಲ ಕಳೆದ ಮೇಲೆ ಮುಂದಿನವನ ಕಣ್ಣಿಗೇ ಆ ಅಳತೆ ಹತ್ತುತ್ತದೆ. ಆಗ ಕೋಲನ್ನು ಅವಳೇ ಬಿಚ್ಚುತ್ತಾಳೆ.

ಕುರಿಗಾಹಿಯನ್ನು ಮುಂದಿನವನನ್ನಾಗಿ, ನೇಕಾರನನ್ನು ಹಿಂದಿನವನನ್ನಾಗಿ ಅವಳು ಆರಿಸಿದಳು. ನೇಕಾರನ ಅಳತೆ ತೆಗೆದ ದಿನ ಅವನು ಬೆಳಗ್ಗೆ ಬಹಳ ದೂರ ಹಾರಿದ. ನೋಡುತ್ತಿದ್ದವರು ಭೇಷ್ ಎಂದರು. ಸಂಜೆ ಸುಸ್ತಾಗಿ ಹಾರಿದ ಒಂದು ನೆಗೆತ ಮಾತ್ರ ತೀರ ಗಿಡ್ಡವಾಯಿತು. ಮುದುಕಿ ಆ ಗಿಡ್ಡ ನೆಗೆತಕ್ಕೇ ಕೋಲು ಕಡಿದಳು.

ಕೋಲು ನೋಡಿದವರೆಲ್ಲ ನಕ್ಕರು. ಇದೇನು ಕುರಿ ಅಟ್ಟುವುದಕ್ಕೋ ಎಂದು ಕುರಿಗಾಹಿಯನ್ನು ಕೇಳಿದರು. ಕುರಿಗಾಹಿಗೆ ಅದು ತಮಾಷೆ. ನೇಕಾರನಿಗೆ ಮಾತ್ರ ಅವಮಾನವಾಯಿತು. ತನ್ನ ಗಿಡ್ಡ ಕಾಲನ್ನು ಗೆಳೆಯ ಬೆನ್ನ ಮೇಲೆ ಹೊತ್ತು ಊರೆಲ್ಲ ತೋರಿಸಿಕೊಂಡು ತಿರುಗುವಂತೆ ಅವನಿಗೆ ಅನಿಸುತ್ತಿತ್ತು. ಒಂದು ದಿನ ತಡೆಯಲಾರದೆ, ಆ ಕೋಲನ್ನು ಮನೆಯಲ್ಲಿಟ್ಟು ಬಾ, ನಾನು ಅದಕ್ಕಿಂತ ದೂರ ಹಾರುತ್ತೇನೆಂದು ನಿನಗೆ ಗೊತ್ತಲ್ಲ ಎಂದ. ಕುರಿಗಾಹಿಗೆ ಗೊತ್ತಿತ್ತು. ಬೆಳಗಿನ ಆ ದೊಡ್ಡ ನೆಗೆತವನ್ನು ಅವನೇ ಕಣ್ಣಾರೆ ಕಂಡಿದ್ದ. ಗೆಳೆಯನ ಮುಖ ನೋಡಿ ಕೋಲನ್ನು ಹಟ್ಟಿಯ ಮೂಲೆಯಲ್ಲಿಟ್ಟ. ಮುದುಕಿಗೆ ಇಬ್ಬರೂ ಹೇಳಲಿಲ್ಲ.

ಕೋಲಿಲ್ಲದೆ ಎಷ್ಟೋ ಸಲ ಓಡಿದರು. ಏನೂ ಆಗಲಿಲ್ಲ. ಏನೂ ಆಗದೆ ಇದ್ದದ್ದರಿಂದ ಕುರಿಗಾಹಿಗೆ ಧೈರ್ಯ ಬಂತು.

ಆ ವರ್ಷ ಮಳೆ ಜೋರಾಯಿತು. ಇಬ್ಬರೂ ಕೆರೆಯ ಬಳಿ ತಮ್ಮ ಸರದಿ ಕಾಯುತ್ತಿದ್ದ ಒಂದು ಮಧ್ಯಾಹ್ನ ಕೆರೆಯ ಕಾವಲಿನವನು ಬಂದು, ನೀರು ಏರಿಯ ಅಂಚಿಗೆ ಬಂತು, ಇನ್ನು ತಡವಿಲ್ಲ ಎಂದ. ಇಬ್ಬರೂ ಹೊರಟರು. ಮುಂದೆ ಕುರಿಗಾಹಿ, ಹಿಂದೆ ನೇಕಾರ. ನಡುಬೆಟ್ಟದಲ್ಲಿ ಒಂದು ಸೀಳು ಇತ್ತು. ಓಟಗಾರರ ದಾರಿ ಆ ಸೀಳನ್ನು ಬಳಸಿ, ಕೆಳಗಿನ ಒಂದು ಚಾಚುಗಲ್ಲಿನ ಮೇಲೆ ಹಾದು ಹೋಗುತ್ತಿತ್ತು. ಕುರಿಗಾಹಿ ಒಬ್ಬನೇ ಇದ್ದಾಗ ಆ ಸೀಳನ್ನು ಹಾರಿದ್ದುಂಟು. ಅವನಿಗೆ ಅದು ಆಟ.

ಸೀಳಿನ ಅಂಚಿಗೆ ಬಂದಾಗ ಅವನಿಗೆ ಕೆಳಗಿನ ಕೇರಿ ಕಂಡಿತು. ನೇಕಾರನ ಮನೆ ಕಂಡಿತು. ತೊಟ್ಟಿಲು ತೇಲಿದ ಸುದ್ದಿ ನೆನಪಾಯಿತು. ಬಳಸುತ್ತ ಕೂತರೆ ತಡವಾದೀತು ಎನಿಸಿತು. ಗೆಳೆಯನ ಮನೆಗಾಗಿಯೇ ಅವನು ಆ ನಿರ್ಧಾರ ಮಾಡಿದ, ಅದರಲ್ಲಿ ಸುಳ್ಳಿಲ್ಲ. ಹಾರಿದ. ಎಂದಿನಂತೆ ಸದ್ದಿಲ್ಲದೆ ಇಳಿದು ಓಡಿದ.

ಮುಂದಿನವನು ಓಡುವಾಗ ತಿರುಗಿ ನೋಡಬಾರದು, ಹಿಂದಕ್ಕೆ ಕಿವಿ ಕೊಡಬೇಕು ಎಂಬುದು ಅವರ ಪದ್ಧತಿ. ಹಿಂದಿನವನು ತಪ್ಪಿ ಇಳಿದರೆ ಕಲ್ಲಿನ ಮೇಲೆ ಹಿಮ್ಮಡಿ ಬಡಿದ ಸದ್ದು ಬರುತ್ತದೆ. ಕುರಿಗಾಹಿ ಮಳೆಯ ನಡುವೆಯೇ ಕಿವಿ ಕೊಟ್ಟ. ಹಿಂದೆ ಯಾವ ಸದ್ದೂ ಬರಲಿಲ್ಲ. ಅವನಿಗೆ ಬಹಳ ಸಂತೋಷವಾಯಿತು. ಇಷ್ಟು ದೊಡ್ಡ ಸೀಳನ್ನು ಹಾರಿ ಇಷ್ಟು ಹಗುರಾಗಿ ಇಳಿದನಲ್ಲ, ಇದನ್ನು ಮುದುಕಿಗೆ ಹೇಳಬೇಕು ಎಂದುಕೊಂಡು ಇನ್ನೂ ಜೋರಾಗಿ ಓಡಿದ.

ಕಾಲುವೆಯ ಬಾಗಿಲಿಗೆ ಬಂದು ಸುದ್ದಿ ಕೊಟ್ಟ. ಬಾಗಿಲು ತೆರೆದರು. ಜನ ಅವನ ಬೆನ್ನು ತಟ್ಟಿ, ಜೊತೆಯವನೆಲ್ಲಿ ಎಂದು ಕೇಳಿದರು. ಇಲ್ಲೇ ಹಿಂದೆ ಎಂದು ಅವನು ತಿರುಗಿ ಕೈ ತೋರಿಸಿದ. ತೋರಿಸಿದ ಕಡೆ ಬರೀ ಮಳೆ. ಸ್ವಲ್ಪ ಹೊತ್ತು ನಗುತ್ತಲೇ ಕಾದ. ಆಮೇಲೆ ನಗು ನಿಂತಿತು. ನೀರು ಇಳಿದು ಬಂದದ್ದು ಅದಕ್ಕೂ ಎಷ್ಟೋ ಹೊತ್ತಿನ ಮೇಲೆ. ಅವನು ಸೀಳು ಹಾರಿ ಬಂದದ್ದು ತಿಳಿದ ಮೇಲೆ, ಬಳಸಿಕೊಂಡು ಬಂದಿದ್ದರೂ ನೀರಿಗಿಂತ ಮೊದಲೇ ಬರುತ್ತಿದ್ದಿರಿ ಎಂದು ಬಾಗಿಲು ಕಾಯುವವನು ಹೇಳಿದ. ಪಾಪ, ಅವನು ಸಮಾಧಾನಕ್ಕೆಂದು ಹೇಳಿದ್ದು.

ನೀರು ಬರುವ ಮೊದಲೇ ಹಗ್ಗ ತೆಗೆದುಕೊಂಡು ಜನ ಬೆಟ್ಟ ಹತ್ತಿದ್ದರು. ನೇಕಾರ ಸೀಳಿನ ತಳದಲ್ಲಿದ್ದ. ಜೀವವಿತ್ತು. ಬೀಳುವಾಗ ಅವನ ಮೈ ಹೊಲದಲ್ಲಿ ಕಲಿತದ್ದನ್ನು ಮರೆತಿರಲಿಲ್ಲ. ತಲೆ ಒಳಗೆಳೆದುಕೊಂಡು ಭುಜದ ಮೇಲೆ ಉರುಳಿದ್ದ. ಹಾಗಾಗಿ ತಲೆ ಉಳಿಯಿತು, ಬೆನ್ನು ಉಳಿಯಿತು. ಎರಡು ಕಲ್ಲುಗಳ ನಡುವೆ ಸಿಕ್ಕಿದ್ದ ಬಲಗಾಲು ಮಾತ್ರ ಮೊಣಕಾಲಿನ ಕೆಳಗೆ ಜಜ್ಜಿಹೋಗಿತ್ತು. ಕುರಿಗಾಹಿ ಎಲ್ಲರಿಗಿಂತ ಮೊದಲು ಇಳಿದು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಅವನಿಗೆ ಅಳು, ಸಿಟ್ಟು ಎರಡೂ ಬಂತು.

“ಅಷ್ಟು ಅಗಲ ಇರೋದು ನಿನ್ನ ಕಣ್ಣಿಗೆ ಕಾಣಲಿಲ್ಲವೇನೋ? ಯಾಕೆ ಹಾರಿದೆ?”

“ನನ್ನ ಕಣ್ಣು ನಿನ್ನ ಹಿಮ್ಮಡಿ ಮೇಲಿತ್ತು,” ಎಂದ ನೇಕಾರ. “ನೀನು ಹಾರಿದೆ. ನಾನೂ ಹಾರಿದೆ.”

ಅವನ ಮಾತಿನಲ್ಲಿ ದೂರು ಇರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟ, ಅಷ್ಟೆ. ದೂರಿದ್ದರೆ ಕುರಿಗಾಹಿಗೆ ಎಷ್ಟೋ ಹಗುರಾಗುತ್ತಿತ್ತು.

ಮುದುಕಿ ನೇಕಾರನ ಮನೆಗೆ ಬಂದು ಮುರಿದ ಕಾಲಿಗೆ ಬಿದಿರ ದಬ್ಬೆ ಕಟ್ಟಿದಳು. ಕುರಿಗಾಹಿ ಬಾಗಿಲಲ್ಲಿ ನಿಂತಿದ್ದ. ತನ್ನನ್ನು ಬೈಯಲಿ, ಹೊಡೆಯಲಿ, ಓಟಗಾರರಿಂದ ಹೊರಗೆ ಹಾಕಲಿ ಎಂದು ಕಾಯುತ್ತಿದ್ದ. ಕೋಲು ಎಲ್ಲಿ ಎಂದಷ್ಟೇ ಅವಳು ಕೇಳಿದಳು. ಹಟ್ಟಿಯಲ್ಲಿದೆ ಎಂದ. ಅದನ್ನು ಬಿಟ್ಟು ಬಾ ಅಂದವನು ನಾನು, ಅವನ ತಪ್ಪಿಲ್ಲ ಎಂದು ನೇಕಾರ ಮಲಗಿದಲ್ಲಿಂದಲೇ ಹೇಳಿದ.

ಮುದುಕಿ ಕುರಿಗಾಹಿಯ ಕಡೆ ತಿರುಗಿದಳು. “ಹಿಂದಿನವನು ನಾಚಿಕೆಗೆ ಬೇಡ ಅಂತಾನೆ. ಅದು ಗೊತ್ತಿದ್ದೇ ಕೋಲನ್ನ ಮುಂದಿನವನ ಬೆನ್ನಿಗೆ ಕಟ್ಟೋದು.” ಇಷ್ಟು ಹೇಳಿ ಹೊರಟುಹೋದಳು. ಓಟಗಾರರಿಂದ ಅವನನ್ನು ಹೊರಗೆ ಹಾಕಲಿಲ್ಲ. ಮುಂದಿನ ಓಟಕ್ಕೆ ಬೇರೊಬ್ಬನ ಅಳತೆಯ ಕೋಲು ಕಳಿಸಿಕೊಟ್ಟಳು. ಕುರಿಗಾಹಿ ಅದನ್ನು ಮುಟ್ಟಲಿಲ್ಲ. ಮತ್ತೆ ಬೆಟ್ಟದ ಕಡೆ ಮುಖ ಹಾಕಲಿಲ್ಲ.

ನೇಕಾರನ ಗಾಯ ಮಾಯಿತು, ಕಾಲು ಬರಲಿಲ್ಲ. ಮಂಡಿ ಮಡಿಸಲಾಗದು, ಪಾದಕ್ಕೆ ಬಲವಿಲ್ಲ. ಓಟವಂತೂ ಹೋಯಿತು. ಓಟಕ್ಕೆ ಮೊದಲು ಇದ್ದ ಮಗ್ಗವೂ ಹೋಯಿತು. ಗುಂಡಿಯೊಳಗೆ ಕಾಲಿಟ್ಟು ತುಳಿಯದೆ ಮಗ್ಗ ನಡೆಯುವುದಿಲ್ಲ. ಎಳೆ ಹಾಸಿದ್ದ ಮಗ್ಗದ ಮೇಲೆ ಜೇಡ ಬಲೆ ಕಟ್ಟಿತು. ಕೂಸಿಗೆ ಹಾಲು ತರುವುದೂ ಕಷ್ಟವಾಯಿತು.

ಒಂದು ಬೆಳಗ್ಗೆ ಕುರಿಗಾಹಿ ತನ್ನ ಆಡು ಕುರಿಗಳನ್ನು ತಮ್ಮನಿಗೆ ಒಪ್ಪಿಸಿ ನೇಕಾರನ ಮನೆಗೆ ಬಂದ. ಮಗ್ಗದ ಗುಂಡಿಯೊಳಗೆ ಕಾಲಿಳಿಸಿ ಕೂತ. ನೇಕಾರ ತೆವಳಿಕೊಂಡು ಬಂದು ಪಕ್ಕದಲ್ಲಿ ಕೂತು ಲಾಳಿ ಕೈಗೆತ್ತಿಕೊಂಡ. ಎಡ ಎಂದರೆ ಕುರಿಗಾಹಿ ಎಡಗಾಲು ಒತ್ತಿದ, ಬಲ ಎಂದರೆ ಬಲಗಾಲು. ಮೊದಮೊದಲು ಎಳೆ ಹರಿಯಿತು, ಸೀರೆ ಸೊಟ್ಟಗಾಯಿತು. ಹರಿದ ಎಳೆಯನ್ನು ನೇಕಾರ ಬೈಯದೆ ಗಂಟು ಹಾಕುತ್ತಿದ್ದ. ದಿನ ಕಳೆದಂತೆ ಹೇಳುವ ಅಗತ್ಯವೂ ಉಳಿಯಲಿಲ್ಲ. ಗೆಳೆಯನ ಕೈ ನೋಡಿಕೊಂಡೇ ಕುರಿಗಾಹಿ ತುಳಿಯುತ್ತಿದ್ದ. ಹೀಗೆ ಇಬ್ಬರೂ ಸೇರಿ ಒಂದು ಮಗ್ಗ ನಡೆಸಿದರು. ನೇಕಾರನ ಮಗಳ ಮದುವೆಯ ಸೀರೆ ನೇಯ್ದದ್ದೂ ಆ ಮಗ್ಗದಲ್ಲೇ. ಬಂಡೆ ಓಟಗಾರರು ಮಳೆಗಾಲದಲ್ಲಿ ಸುದ್ದಿ ಹೊತ್ತು ಮನೆಯ ಮುಂದೆ ಹಾದುಹೋಗುವಾಗ ಇಬ್ಬರೂ ತಲೆ ಎತ್ತುತ್ತಿರಲಿಲ್ಲ.

ಮೇಷ್ಟ್ರು ಅಲ್ಲಿಗೆ ನಿಲ್ಲಿಸಿದರು. ಅಂಗಳದಲ್ಲಿ ಯಾರೂ ಏಳಲಿಲ್ಲ. ಕತೆ ಮುಗಿಯಿತೋ ಇನ್ನೂ ಇದೆಯೋ ಎಂದು ಯಾರಿಗೂ ಗೊತ್ತಾಗಲಿಲ್ಲ. ದಾದಾಪೀರನಿಗೆ ಮಾತ್ರ ಏನೋ ಬಾಕಿ ಉಳಿದಂತೆ ಅನಿಸಿತು. ಇಷ್ಟು ಹೊತ್ತೂ ಅವನು ಒಂದಕ್ಕಾಗಿ ಕಾಯುತ್ತಿದ್ದ, ಅದು ಬಂದೇ ಇರಲಿಲ್ಲ.

“ಮತ್ತೆ ಆ ಕುರಿಗಾಹಿ, ಮೇಷ್ಟ್ರೇ? ಕೊನೆಗೆ ಅವನ ಕಾಲಿಗೆ ಏನಾಯ್ತು?”

“ಅವನ ಕಾಲಿಗೆ ಏನೂ ಆಗಲಿಲ್ಲ.”